ನೋಡಿದ್ದಷ್ಟೇ ಹೇಳುವ ಮಾವ

ನಮ್ಮ ಸೋದರಮಾವ ತನ್ನ ಜೀವಮಾನದಲ್ಲಿ ಒಬ್ಬರನ್ನೂ ‘ಒಳ್ಳೆಯವರು’ ಎಂದವನಲ್ಲ. ದೇವರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ! ಪುರಾಣ ಹೇಳಲು ಬಂದ ಸ್ವಾಮಿಗಳು ಒಮ್ಮೆ ‘ದೇವರು ಕರುಣಾಳು, ಹೌದಲ್ಲೋ?’ ಎಂದು ಕೇಳಿದರೆ ಮಾವ ಕೈಮುಗಿದು, ‘ಇರಬಹುದ್ರಿ ಅಪ್ಪಾವ್ರ, ನನಗ ಅಷ್ಟು ಪರಿಚಯ ಇಲ್ಲ’ ಎಂದನಂತೆ. ‘ಅಂತೆ’ ಏಕೆಂದರೆ, ಆಗ ನಾನು ಅಲ್ಲಿದ್ದೆನೋ ಇಲ್ಲವೋ ಈಗ ಹೇಳಲಾರೆ. ದಿನಚರಿ ಬರೆಯುವ ಚಟ ಹತ್ತಿದ ಮೇಲೆ ನನ್ನ ನೆನಪುಗಳ ಮೇಲೆ ನನಗೇ ಗುಮಾನಿ.

ನಮ್ಮೂರು ನರೋಣಾದಲ್ಲಿ ಹೊಗಳುವುದಕ್ಕೆ ಮಾತಿನ ಬರವೇ? ನಿಜಾಮರ ಕಚೇರಿಯ ಉರ್ದುವಿನಲ್ಲಿ ಶರೀಫ್, ಖಾನದಾನಿ, ಇಮಾನದಾರ. ಗಡಿಯಾಚೆಯ ಮರಾಠಿಯ ಗಾಳಿಗೆ ಸಂಭಾವಿತ, ಸಜ್ಜನ. ಮನೆಯ ಕನ್ನಡದಲ್ಲಿ ಗುಣವಂತ, ಮಾನವಂತ, ಬಂಗಾರದಂಥ ಮನುಷ್ಯ. ಇಷ್ಟು ಸೌಕರ್ಯವಿದ್ದ ಸೀಮೆಯಲ್ಲಿ ಹುಟ್ಟಿಯೂ ಮಾವ ಮೂರು ಭಾಷೆಗಳಲ್ಲೂ ಜಿಪುಣ!

ಎತ್ತು ಪರೀಕ್ಷಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆಳಂದದ ದನದ ಸಂತೆಗೆ ಹೊರಟವರು ಅವನನ್ನು ಬಂಡಿಯಲ್ಲಿ ಕೂರಿಸಿಕೊಂಡೇ ಹೋಗುತ್ತಿದ್ದರು. ವರ ಹುಡುಕುವವರೂ ಅವನ ಕಟ್ಟೆಗೇ ಬರುತ್ತಿದ್ದರು. ಎರಡಕ್ಕೂ ಅವನ ಪರೀಕ್ಷೆ ಒಂದೇ. ಪಾಸಾಗುತ್ತಿದ್ದುದು ಹೆಚ್ಚಾಗಿ ಎತ್ತುಗಳು.

ಅಫಜಲಪುರದ ಕಡೆಯವರು ನಮ್ಮ ಓಣಿಯ ಹುಡುಗನೊಬ್ಬನನ್ನು ವಿಚಾರಿಸಲು ಬಂದದ್ದು ಮಾತ್ರ ನನಗೆ ನಿಜವಾಗಿಯೂ ನೆನಪಿದೆ.

‘ಹುಡುಗ ಭಾಳ ಸಂಭಾವಿತ ಅಂತಾರಲ್ರಿ?’

‘ಯಾರಂದ್ರು?’

‘ಅವರಪ್ಪ.’

‘ಎತ್ತು ಮಾರಾಂವ ಎತ್ತಿನ ಸುದ್ದಿ ಹೇಳಿದ್ರ ಕೇಳ್ತೀರೇನು?’

ಬಂದವರು ದನಿ ತಗ್ಗಿಸಿದರು. ‘ಸಿಂದಿ ಕುಡಿತಾನೇನ್ರಿ?’

‘ಕುಡಿಯೂದು ನಾ ನೋಡಿಲ್ರಿ. ಕುಡದು ಬಿದ್ದದ್ದು ನೋಡೇನಿ.’

ಮುಗಿಯಿತು! ಆ ಹುಡುಗನ ತಾಯಿ ಎಷ್ಟೋ ದಿನ ಮಾವನ ಮನೆಯ ಮುಂದೆ ಹಾದುಹೋಗುವಾಗ ಬೇಕೆಂದೇ ಕೆಮ್ಮುತ್ತಿದ್ದಳು.

ಜೇವರ್ಗಿಯ ಸಾಹುಕಾರರೊಬ್ಬರು ತೀರಿಕೊಂಡಾಗ ಮಾತಾಡಿಸಲು ಹೋದೆವು. ಅಂಗಳದ ತುಂಬ ಜನ. ಒಬ್ಬರು ಧರ್ಮಾತ್ಮ ಎಂದರೆ ಮತ್ತೊಬ್ಬರು ದಾನಶೂರ ಎನ್ನುತ್ತಿದ್ದರು. ಮಾವನ ಸರದಿ ಬಂತು. ಅವ್ವ ಅವನ ಅಂಗಿಯ ಚುಂಗು ಜಗ್ಗಿದಳು. ಮಾವ ನಿಟ್ಟುಸಿರಿಟ್ಟು ಅಂದ: ‘ಈ ಮಾತು ನಿನ್ನಿ ತನಕ ಯಾರೂ ಹೇಳಲಿಲ್ಲಲ್ಲೋ ಪಾಪ! ಕೇಳಿದ್ರ ಅವನೂ ನಕ್ಕಿರ್ತಿದ್ದ.’

ಇಂಥವನನ್ನು ಹೆಣ್ಣು ತೋರಿಸುವ ದಿನ ಮನೆಯಲ್ಲಿ ಇಟ್ಟುಕೊಳ್ಳುವುದುಂಟೇ?

ಅದು ನಲವತ್ತೆಂಟರ ಬೇಸಿಗೆ. ಗಡಿಯೂರು ಹಿರೋಳ್ಳಿಯ ಆಚೆ ಸ್ವಾತಂತ್ರ್ಯ ಬಂದಿತ್ತು. ಈಚೆ, ನಿಜಾಮರ ಸೀಮೆಯಲ್ಲಿ, ಬಂದಿರಲಿಲ್ಲ. ಯಾವ ಊರಿಗೆ ಯಾವ ಗುಂಪು ಬಂದು ಬೀಳುತ್ತದೋ ಎಂದು ಹೆದರಿ, ಬೆಳೆದ ಹೆಣ್ಣುಮಕ್ಕಳನ್ನು ಜನ ಗಡಿಯಾಚೆ ಮದುವೆ ಮಾಡಿ ದಾಟಿಸುತ್ತಿದ್ದರು. ಅಪ್ಪ ಇಲ್ಲದ ನಮ್ಮ ಮನೆಯಲ್ಲಿ ಅಕ್ಕನಿಗೆ ಬಂದದ್ದು ಆಚೆಯ ಒಂದೇ ಸಂಬಂಧ. ಅವ್ವ ಉಪಾಯ ಮಾಡಿ ಮಾವನನ್ನು ಎತ್ತು ನೋಡಿಕೊಂಡು ಬಾ ಎಂದು ದೂರದ ಚೌಡಾಪುರಕ್ಕೆ ಅಟ್ಟಿದಳು.

ಬೀಗರಾಗುವವರು ಉಪ್ಪಿಟ್ಟಿಗೆ ಕೈಹಾಕುತ್ತಿದ್ದಾಗಲೇ ಮಾವ ಬಾಗಿಲಲ್ಲಿ ನಿಂತಿದ್ದ!

‘ಇಷ್ಟ ಲಗೂ ಬಂದ್ಯಾ ಅಣ್ಣಾ?’ ಅವ್ವ ದಡಬಡಿಸಿ ಎದ್ದಳು.

‘ನನ್ನ ಎತ್ತಿನಂಥ ಎತ್ತು ನಾಡಾಗ ಇಲ್ಲ ಅಂತ ಮಾಲಕ ಶುರು ಮಾಡಿದ. ನಾ ಎತ್ತಿನ ಬಾಯಿ ತೆರಸಲೇ ಇಲ್ಲ, ಹೊಳ್ಳಿ ಬಂದೆ.’

ಹುಡುಗನ ತಾಯಿ ಮಾತು ಕಡಿಮೆ, ಕಣ್ಣು ಜಾಸ್ತಿಯ ಹೆಂಗಸು. ‘ನಿಮ್ಮ ಹೆಸರು ನಮ್ಮ ಕಡಿಗೂ ಕೇಳೇವ್ರಿ. ಹುಡುಗಿ ಗುಣವಂತಿ ಅಂದ್ರು ನಿಮ್ಮ ತಂಗಿ. ನೀವ ಹೇಳ್ರಿ.’

‘ಗುಣವಂತಿ ಅಂದ್ರ ಹೆಂಗಿರ್ತಾರೋ ನನಗ ತಿಳಿಯಂಗಿಲ್ರಿ ಅಕ್ಕಾರ. ನೋಡಿದ್ದು ಹೇಳ್ತೇನಿ. ಸಿಟ್ಟು ಮೂಗಿನ ಮ್ಯಾಲ ಇರ್ತದ. ದೊಡ್ಡವರು ಸಣ್ಣವರು ಅನ್ನದೇ ಎದುರು ಮಾತಾಡ್ತಾಳ. ರೊಟ್ಟಿ ಒಂದು ಕಡಿ ಹೊತ್ತಿರ್ತದ, ಇನ್ನೊಂದು ಕಡಿ ಹಸಿ. ಮೊನ್ನಿ ನನ್ನನ್ನ ಮನಿಯಿಂದ ಹೊರಗ ಹಾಕಿದ್ಳು.’

‘ಯಾಕ್ರಿ?’

‘ರೊಟ್ಟಿ ಹೊತ್ತ್ಯಾವ ಅಂದಿದ್ದಕ್ಕ.’

ಒಳಗಿನಿಂದ ಅಕ್ಕನ ದನಿ: ‘ಇವತ್ತೂ ಹಾಕ್ತೇನಿ ತಡೀರಿ ಮಾಮಾ!’

ನಾನು ನಕ್ಕೆನೇ? ನಕ್ಕಿರಬೇಕು, ಆ ವಯಸ್ಸೇ ಅಂಥದ್ದು. ಬಂದವರು ನಗಲಿಲ್ಲ. ‘ಆಗ್ಲ್ರಿ, ಹೇಳಿ ಕಳಸ್ತೇವಿ’ ಎಂದು ಬಂಡಿ ಹತ್ತಿದರು. ಆ ಮಾತಿನ ಅರ್ಥ ಹೆಣ್ಣು ಹೆತ್ತವರಿಗೆಲ್ಲ ಗೊತ್ತು.

ಅವ್ವ ಬೈಯಲಿಲ್ಲ. ಗೋಡೆಗೆ ಒರಗಿ ಕುಳಿತು ಮೆಲ್ಲಗೆ ಕೇಳಿದಳು: ‘ನಾಳಿ ಈ ಹುಡುಗಿಗಿ ಏನರೆ ಆದ್ರ, ಅದನ್ನೂ ನೋಡಿ ಹೇಳ್ತಿಯೇನು ಅಣ್ಣಾ?’

ಮಾವ ಚಪ್ಪಲಿ ಮೆಟ್ಟಿಕೊಳ್ಳದೆ ಎದ್ದುಹೋದ. ಸಂಜೆ ಮೊಣಕಾಲ ತನಕ ಧೂಳು ಮೆತ್ತಿಕೊಂಡು ಬಂದು, ಯಾರಿಗೂ ಮುಖ ಕೊಡದೆ ದನದ ಕೊಟ್ಟಿಗೆ ಸೇರಿದ. ವಾರದೊಳಗೆ ಆಚೆಯಿಂದ ಹೇಳಿಕೆ ಬಂತು: ಹೆಣ್ಣು ಒಪ್ಪಿಗೆಯಾಗಿದೆ, ಲಗ್ನ ಬೇಗ ಮುಗಿಸಿ!

ಮಾವ ಆ ಬಂಡಿಯ ಬೆನ್ನುಹತ್ತಿ ಹೋದದ್ದನ್ನು ಕಂಡವರಿದ್ದರು; ಊರಿಗೆ ಊರೇ ಹಿಗ್ಗಿತು. ಅಕ್ಕನ ಲಗ್ನಕ್ಕಲ್ಲ, ಮಾವ ಕಡೆಗೂ ಸುಳ್ಳು ಹೇಳಿದ ಎಂದು! ‘ಯಾವ ಭಾಷ್ಯಾಗ ಹೇಳಿದ್ರಿ ಮಾಮಾ, ಉರ್ದುವಿನಾಗೋ ಮರಾಠಿಯಾಗೋ?’ ಎಂದು ಕಟ್ಟೆಯವರು ಕಾಡಿದರು. ಮಾವ ಎತ್ತಿನ ಮೈ ಉಜ್ಜುತ್ತ, ‘ಸುಳ್ಳು ಹೇಳಿಲ್ಲ’ ಎಂದಷ್ಟೇ ಅಂದ. ಯಾರೂ ನಂಬಲಿಲ್ಲ. ನಾನೂ.

ಮಾವ ತೀರಿಕೊಂಡು ವರ್ಷಗಳಾದ ಮೇಲೆ, ವಿಶ್ವವಿದ್ಯಾಲಯದ ಓದು ಮುಗಿಸಿ ಅಕ್ಕನ ಮನೆಗೆ ಹೋಗಿದ್ದಾಗ, ಅಂದು ಮಾವ ಏನು ಹೇಳಿದ್ದ ಎಂದು ಅವಳ ಅತ್ತೆಯನ್ನು ಕೇಳಿದೆ. ಮುದುಕಿ ಹೇಳಿದಳು:

‘ಬರಿಗಾಲಾಗ ಓಡಿಬಂದು ನಮ್ಮ ಬಂಡಿ ನೊಗ ಹಿಡದ. ಇನ್ನೇನು ಹೇಳೂದು ಉಳದದಪ್ಪಾ ಇವಂಗ ಅಂತ ನನಗ ಸಿಟ್ಟು ಬಂತು. ನೊಗಕ್ಕ ಹಣಿ ಹಚ್ಚಿ ಕೂಸಿನಂಗ ಅತ್ತ. ಆಮ್ಯಾಲ ಅಂದ: ಅಕ್ಕಾರ, ಆಕಿಗಿ ಕತ್ತಲಿ ಅಂದ್ರ ಅಂಜಿಕಿ. ಒಬ್ಬಾಕಿನ್ನ ಮಲಗಸಬ್ಯಾಡ್ರಿ. ಅಷ್ಟ ಹೇಳಿ ಹೊಳ್ಳಿ ಹ್ವಾದ.’

ಅಕ್ಕನಿಗೆ ಕತ್ತಲೆಯ ಅಂಜಿಕೆಯೇ? ಮದುವೆಯಾಗುವ ತನಕ ಅವಳ ಮಗ್ಗುಲಲ್ಲೇ ಮಲಗುತ್ತಿದ್ದ ನನಗೆ ಅದು ಗೊತ್ತೇ ಇರಲಿಲ್ಲ!

‘ಆ ವರ್ಷ ಚಿಮಣಿ ಎಣ್ಣಿ ಎಲ್ಲೂ ಸಿಗ್ತಿರಲಿಲ್ಲ ತಂಗಿ,’ ಎಂದಳು ಮುದುಕಿ. ‘ಆದ್ರೂ ಆಕಿ ಮಲಗೂ ಕ್ವಾಣ್ಯಾಗ ಕಂದೀಲ ಆರಸಲಿಲ್ಲ ನಾ.’