ಬಾಗಿಲಿಗೆ ಕಣ್ಣು ಬಂದ ಮೇಲೆ

ಪರೀಕ್ಷೆ ಮಾಡದೆ ನಾನು ಯಾವ ವಸ್ತುವನ್ನೂ ಮನೆಯೊಳಗೆ ಬಿಟ್ಟುಕೊಳ್ಳುವವನಲ್ಲ. ಸವದತ್ತಿಯ ಪೇಟೆಯಲ್ಲಿ ಪಂಪಸೆಟ್ಟು, ಪೈಪು ಮಾರುವ ಅಂಗಡಿ ನನ್ನದು. ರಸಾಯನಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿದ್ದೇನೆ. ಮೋಟರಿನ ಸಪ್ಪಳ ಕೇಳಿಯೇ ಅದರ ಬೇರಿಂಗಿನ ಆಯುಷ್ಯ ಹೇಳಬಲ್ಲೆನೆಂದು ಗಿರಾಕಿಗಳು ನಂಬಿದ್ದಾರೆ. ಕಾಲಕ್ರಮದಲ್ಲಿ ನಾನೂ ನಂಬಿದ್ದೇನೆ. ಇಂಥವನಿಗೆ ಬಾಗಿಲ ಪಕ್ಕ ಹಚ್ಚುವ, ಅಂಗೈಯಷ್ಟು ಉದ್ದದ ಒಂದು ಯಂತ್ರ ಯಾವ ಲೆಕ್ಕ ಎಂದು ನನ್ನ ಎಣಿಕೆಯಾಗಿತ್ತು.

ಯಂತ್ರ ತರಲು ಕಾರಣ ಅವ್ವನ ಪಾಟಲಿಗಳು. ಆ ದಿನಗಳಲ್ಲಿ ಬಂಗಾರಕ್ಕೆ ಪಾಲಿಶ್ ಮಾಡಿಕೊಡುತ್ತೇವೆಂದು ಮನೆಗೆ ಬಂದು, ಬಳೆಗಳನ್ನು ಯಾವುದೋ ನೀರಿನಲ್ಲಿ ಅದ್ದಿ, ಅರ್ಧ ಬಂಗಾರ ಕರಗಿಸಿಕೊಂಡು ಹೋಗುವವರ ಸುದ್ದಿ ಮೊದಲು ಬೈಲಹೊಂಗಲದ ಕಡೆಯಿಂದ ಬಂತು, ಆಮೇಲೆ ಕಿತ್ತೂರಿನಿಂದ. ನಮ್ಮ ಮನೆಯಲ್ಲಿ ನಾನು ಅಂಗಡಿಗೆ, ಹೆಂಡತಿ ಗಿರಿಜಾ ಪಾಠ ಹೇಳಲು ಸಾಲಿಗೆ ಹೋದರೆ ಸಂಜೆಯವರೆಗೆ ಅವ್ವ ಒಬ್ಬಳೇ. ಅವಳ ಎರಡೂ ಕೈಯಲ್ಲಿ ಮದುವೆಯಲ್ಲಿ ಇಟ್ಟ ಬಂಗಾರದ ಪಾಟಲಿ. ಅವು ಕೈಯಿಂದ ಇಳಿದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ.

"ಅವ್ವಾ, ತಗದು ತಿಜೋರ್ಯಾಗ ಇಡೂಣು," ಎಂದೆ.

"ಇಡೂದಾದ್ರ ಕೈ ಸುದ್ದಾ ಇಡು," ಎಂದಳು ಅವ್ವ.

ಆದ್ದರಿಂದ ಕ್ಯಾಮೆರಾ ಇರುವ ಬೆಲ್ ತಂದೆ. ಯಾರಾದರೂ ಬೆಲ್ ಒತ್ತಿದರೆ ಅಂಗಡಿಯಲ್ಲಿರುವ ನನ್ನ ಫೋನು ರಿಂಗಾಗುತ್ತದೆ, ಬಂದವರ ಮುಖ ಕಾಣುತ್ತದೆ, ಅವರೊಡನೆ ಅಲ್ಲಿಂದಲೇ ಮಾತಾಡಬಹುದು. ನಾನೇ ಡ್ರಿಲ್ ಹಿಡಿದು ಗೋಡೆಗೆ ಹಚ್ಚಿದೆ. ನಾಲ್ಕಾರು ದಿನ ಪರೀಕ್ಷೆ ನಡೆಸಿ ಇದರ ಯೋಗ್ಯತೆ ತೀರ್ಮಾನಿಸುವುದಾಗಿ ಮನೆಯಲ್ಲಿ ಘೋಷಿಸಿದೆ.

ಪರೀಕ್ಷೆಗೆ ಮೊದಲ ತೊಡಕು ನಮ್ಮ ಓಣಿಯದೇ. ಇಲ್ಲಿ ಹಗಲು ಹೊತ್ತು ಯಾರೂ ಮುಂಬಾಗಿಲು ಹಾಕುವುದಿಲ್ಲ. ಬೆಲ್ ಒತ್ತುವ ಪದ್ಧತಿಯೂ ಇಲ್ಲ. ಪರಿಚಯದವರು ಹಿತ್ತಲಿನಿಂದ ನೇರ ಅಡುಗೆಮನೆಗೆ ಬರುತ್ತಾರೆ, ಅಪರಿಚಿತರು ಬೀದಿಯಲ್ಲಿ ನಿಂತು "ಅಕ್ಕಾರ" ಎಂದು ಕೂಗುತ್ತಾರೆ. ಯಂತ್ರದ ಮರ್ಯಾದೆ ಉಳಿಸಲು ನಾನು ಬಾಗಿಲು ಹಾಕಿಸಿದೆ. ತುಸು ಹೊತ್ತಿಗೆ ಪಕ್ಕದ ಮನೆಯ ಕಲ್ಲವ್ವ ಹಿತ್ತಲಿನಿಂದ ಸೆರಗು ಬಾಯಿಗಿಟ್ಟುಕೊಂಡು ಬಂದಳು.

"ಹಗಲಿನ್ಯಾಗ ಬಾಗಲಾ ಹಾಕೀರಲ್ಲಾ, ಯಾರಿಗೇನಾತ್ರಿ?"

"ಯಾರಿಗೂ ಏನೂ ಆಗಿಲ್ಲ. ಕ್ಯಾಮೆರಾ ಪರೀಕ್ಷಾ ನಡದೈತಿ," ಎಂದೆ.

"ಹಂಗಾದ್ರ ನಾ ಬಂದಿದ್ದು ಅದಕ್ಕ ಗೊತ್ತಾತೇನು?"

ಗೊತ್ತಾಗಿರಲಿಲ್ಲ. ವಾರದ ಕೊನೆಗೆ ಗಿರಿಜಾ ವರದಿ ಕೇಳಿದಳು. ಬಾಗಿಲ ಮುಂದೆ ಮನುಷ್ಯರು ಬಂದಿದ್ದಾರೆಂದು ಫೋನು ಪ್ರತಿದಿನ ಎಚ್ಚರಿಸಿತ್ತು. ತೆರೆದು ನೋಡಿದರೆ ಪ್ರತಿಸಲವೂ ಕಲ್ಲವ್ವನ ಎಮ್ಮೆ.

"ಅಂದ್ರ ಮಂದಿ ಬಂದ್ರ ಗೊತ್ತಾಗೂದಿಲ್ಲ, ಎಮ್ಮಿ ಬಂದ್ರ ಮಂದಿ ಅಂತೈತಿ," ಎಂದಳು ಗಿರಿಜಾ. "ಇದನ್ನ ನಮ್ಮ ಸಾಲ್ಯಾಗ ನಪಾಸ್ ಅಂತೀವ್ರಿ."

ನನಗೆ ಅವಮಾನವಾಯಿತು. ಯಂತ್ರದ ಘನತೆ ತೋರಿಸಲು ಅದರ ಇನ್ನೊಂದು ಸೌಲಭ್ಯ ಬಳಸಿದೆ. ನಾವು ಮೊದಲೇ ಒಂದು ಮಾತು ಹೇಳಿ ಅದರಲ್ಲಿ ತುಂಬಿಟ್ಟರೆ, ಕೆಲಸದ ನಡುವೆ ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಬಾಗಿಲಲ್ಲಿ ಆ ಮಾತು ಕೇಳಿಸುತ್ತದೆ. ನಾನು ಗಂಟಲು ಸರಿಪಡಿಸಿಕೊಂಡು ಹೀಗೆ ತುಂಬಿದೆ: "ಮಾನ್ಯರೇ, ನಮ್ಮ ಮನೆಗೆ ತಮಗೆ ಆದರದ ಸ್ವಾಗತ. ದಯವಿಟ್ಟು ಆಸೀನರಾಗಿರಿ. ನಾನು ಶೀಘ್ರದಲ್ಲೇ ತಮ್ಮನ್ನು ಕಾಣುತ್ತೇನೆ."

"ಹಾರ ತರೂದೊಂದು ಉಳೀತು," ಎಂದಳು ಗಿರಿಜಾ. ಅವ್ವನಿಗೆ ಮಾತ್ರ ಬಹಳ ಹಿಡಿಸಿತು. ಮಗನಿಗೆ ಇಷ್ಟು ಮರ್ಯಾದೆಯ ಮಾತು ಬರುತ್ತದೆಂದು ಅವಳಿಗೆ ಅಂದೇ ಗೊತ್ತಾದದ್ದು.

ಕೊನೆಗೆ ಅವ್ವನನ್ನು ಕೂರಿಸಿಕೊಂಡು ಭದ್ರತೆಯ ನಿಯಮ ಕಲಿಸಿದೆ. "ಬೆಲ್ ಆದ ಕೂಡಲೇ ಬಾಗಲಾ ತಗೀಬ್ಯಾಡ. ಅಂಗಡ್ಯಾಗ ಕುಂತ ನಾ ಎಲ್ಲಾ ನೋಡ್ತಿರ್ತೇನಿ. ಬಂದವರು ಸರಿ ಇದ್ರ ನಾನಽ ಮಾತಾಡ್ತೇನಿ. ನನ್ನ ದನಿ ಕೇಳಿದ ಮ್ಯಾಲ ತಗಿ."

"ನಿನ್ನ ದನಿ ಕೇಳಿದ ಮ್ಯಾಲ," ಎಂದು ಅವ್ವ ಬಾಯಿಪಾಠ ಮಾಡಿಕೊಂಡಳು. ಇನ್ನೊಂದು ನಿಯಮವನ್ನೂ ಹೇಳಿಕೊಟ್ಟೆ. ಫೋನಿನಲ್ಲಿ ಮೋಸ ಮಾಡುವವರು ಹೆಚ್ಚಾಗಿದ್ದಾರೆ, ಮನೆಯಲ್ಲಿ ಒಬ್ಬಳೇ ಇದ್ದಾಗ ಯಾವ ಫೋನೂ ಎತ್ತಬಾರದು. ಅದನ್ನೂ ಬಾಯಿಪಾಠ ಮಾಡಿಕೊಂಡಳು.

ಅಮಾವಾಸ್ಯೆ ಬಂತು. ನಮ್ಮಲ್ಲಿ ಅಮಾವಾಸ್ಯೆಗೆ ತಿರುಗುವ, ಉರಿಯುವ, ಸಪ್ಪಳ ಮಾಡುವ ಎಲ್ಲಕ್ಕೂ ಪೂಜೆ. ಅಂಗಡಿಯ ಮೋಟರು, ಬೈಕು, ತೂಕದ ಯಂತ್ರ, ಮನೆಯ ಮಿಕ್ಸರು, ಎಲ್ಲಕ್ಕೂ ಮೂರೆಳೆ ವಿಭೂತಿ, ನಡುವೆ ಕುಂಕುಮದ ಬೊಟ್ಟು. ಹೊಸ ಯಂತ್ರವನ್ನು ಬಿಡುವುದು ಯಾವ ನ್ಯಾಯ? ಹಣೆ ಎಲ್ಲಿ ಎಂದು ಹುಡುಕಿದೆ. ಮೇಲ್ಭಾಗದಲ್ಲಿ ದುಂಡಗೆ, ನುಣ್ಣಗೆ ಒಂದು ಗಾಜು ಇತ್ತು. ಹಣೆಯೆಂದರೆ ಅದೇ. ವಿಭೂತಿಯನ್ನು ನೀರಿನಲ್ಲಿ ಕಲಸಿ, ಮೂರು ಬೆರಳು ಅಗಲಿಸಿ, ಭಕ್ತಿಯಿಂದ ಎಳೆದೆ. ಕೈಮುಗಿದು ಅಂಗಡಿಗೆ ಹೋದೆ. ಕಣ್ಣಿಗೂ ಹಣೆಗೂ ವ್ಯತ್ಯಾಸ ತಿಳಿಯಲು ಬಿ.ಎಸ್ಸಿ. ಬೇಕಾಗಿಲ್ಲ. ಇದ್ದರೂ ಉಪಯೋಗವಿಲ್ಲ.

ಮಧ್ಯಾಹ್ನ ಕಟಕೋಳದ ನಿಂಗಪ್ಪ ಕಾಕಾ ಪಂಪಿನ ಫುಟ್‌ವಾಲ್ವ್ ಒಯ್ಯಲು ಅಂಗಡಿಗೆ ಬಂದು ಕುಂತಿದ್ದರು. ಫೋನು ರಿಂಗಾಯಿತು. ಕೊನೆಗೂ ಯಾರೋ ಬೆಲ್ ಒತ್ತಿದ್ದರು. ನಾನು ಹೆಮ್ಮೆಯಿಂದ ಫೋನು ಅವರ ಮುಂದೆ ಹಿಡಿದೆ.

"ನೋಡ್ರಿ ಕಾಕಾ, ಇಲ್ಲಿ ಕುಂತ ನಮ್ಮ ಮನಿ ಬಾಗಲಾ ನೋಡಬಹುದು."

ನಿಂಗಪ್ಪ ಕಾಕಾ ಕನ್ನಡಕ ಏರಿಸಿ ನೋಡಿದರು. "ಸಾವಕಾರ್ರ, ನಿಮ್ಮ ಓಣ್ಯಾಗ ಮಂಜು ಬಿದ್ದೈತೇನ್ರಿ?"

ಪರದೆಯ ತುಂಬ ಬಿಳುಪು. ನಡುವೆ ಕೆಂಪಗೆ ಸೂರ್ಯನಂಥದೊಂದು. ಅದರ ಹಿಂದೆ ಎರಡು ನೆರಳು ಅಲುಗಾಡುತ್ತಿದ್ದವು. ಬೆಳಗಿನ ನನ್ನ ಭಕ್ತಿ ಆಗ ನೆನಪಾಯಿತು. ಆದರೆ ಮಾತು ಸ್ಪಷ್ಟವಾಗಿ ಕೇಳಿಸಿತು.

"ಅಮ್ಮಾ, ಹಿತ್ತಾಳಿ ತಾಮ್ರ ತೊಳಿಯೋ ಹೊಸಾ ಪುಡಿ ಐತ್ರಿ. ಕಂಪನಿಯಿಂದ ಪುಕ್ಕಟೆ ತೋರಸ್ತೀವಿ. ಬಂಗಾರ ಇದ್ರ ಅದನ್ನೂ ಹೊಳಸ್ತೀವಿ."

ಬಾಗಿಲ ಒಳಗಿನಿಂದ ಅವ್ವನ ದನಿ ಬಂತು. "ತಡೀರಿ, ನನ್ನ ಮಗ ಹೇಳಬೇಕು."

ಎಂಥ ವಿಧೇಯ ತಾಯಿ. ನಾನು ಮಾಡಬೇಕಾದದ್ದು ಇಷ್ಟೇ, ಮಾತಾಡುವ ಗುಂಡಿ ಒತ್ತಿ "ತಗೀಬ್ಯಾಡ" ಎನ್ನುವುದು. ಒತ್ತಿದೆ. ಆದರೆ ಮಾತಾಡುವ ಗುಂಡಿಯ ಪಕ್ಕದಲ್ಲೇ ಮೊದಲೇ ತುಂಬಿಟ್ಟ ಮಾತಿನ ಗುಂಡಿ ಇತ್ತು. ಅವಸರದಲ್ಲಿ ಹೆಬ್ಬೆರಳು ಅದನ್ನು ಆರಿಸಿಕೊಂಡಿತು.

"ಮಾನ್ಯರೇ, ನಮ್ಮ ಮನೆಗೆ ತಮಗೆ ಆದರದ ಸ್ವಾಗತ."

ಚಿಲಕ ತೆಗೆದ ಸಪ್ಪಳ ಕೇಳಿಸಿತು. "ಬರ್ರಿ, ಕಟ್ಟಿ ಮ್ಯಾಲ ಕುಂಡ್ರಿ. ಮಗನಽ ಹೇಳಿದ ಮ್ಯಾಲ ಏನೈತಿ," ಎಂದಳು ಅವ್ವ.

ನಾನು ಗಾಬರಿಯಿಂದ ಮತ್ತೆ ಒತ್ತಿದೆ. ಮತ್ತೆ ಆದರದ ಸ್ವಾಗತ. ಅವ್ವ ಚಹಾ ಇಡಲೇ ಎಂದು ಕೇಳಿದಳು. ಅವಳ ಫೋನಿಗೆ ಕರೆ ಮಾಡಿದೆ. ಅದು ದೇವರ ಕೋಣೆಯಲ್ಲಿ ರಿಂಗಾಗುವುದು ಇಲ್ಲಿಯವರೆಗೆ ಕೇಳಿಸಿತು, ಜೊತೆಗೆ ಅವ್ವನ ಮಾತೂ: "ಇರಲಿ ಬಿಡ್ರಿ, ಮೋಸಾ ಮಾಡಾವರು ಫೋನ್ ಹಚ್ತಾರಂತ. ಎತ್ತಬ್ಯಾಡ ಅಂದಾನ ಮಗ." ಗಿರಿಜಾಳ ಫೋನು ಸಾಲಿಯಲ್ಲಿ ಬಂದ್ ಇತ್ತು.

"ಮಾತಾಡ್ರಿ ಸಾವಕಾರ್ರ," ಎಂದರು ನಿಂಗಪ್ಪ ಕಾಕಾ.

"ಮಾತಾಡಾಕ ಹತ್ತೇನ್ರಿ."

"ಹೌದು, ಭಾಳ ಚಂದ ಮಾತಾಡಾಕ ಹತ್ತೀರಿ. ಆದ್ರ ಅವರನ್ನ ಬೈರಿ."

ನಾನು ಫೋನನ್ನು ಹಾಗೆಯೇ ಅಂಗಿಯ ಕಿಸೆಗೆ ತುರುಕಿ ಬೈಕು ಹತ್ತಿದೆ. ಅಮಾವಾಸ್ಯೆಯಾದ್ದರಿಂದ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಟ್ರ್ಯಾಕ್ಟರುಗಳು ರಸ್ತೆ ತುಂಬಿದ್ದವು. ಸಂದಿಯಲ್ಲಿ ನುಗ್ಗಿದೆ, ಗುಂಡಿಯಲ್ಲಿ ಇಳಿದೆ, ಒಬ್ಬ ಬಾಳೆಹಣ್ಣಿನ ಗಾಡಿಯವನಿಂದ ನನ್ನ ಮನೆತನದ ಬಗ್ಗೆ ಹೊಸ ವಿಷಯ ತಿಳಿದುಕೊಂಡೆ. ಆಗ ನನಗೆ ಅರಿವಾಗದಿದ್ದ ಸಂಗತಿಯೊಂದಿತ್ತು. ಕಿಸೆಯಲ್ಲಿ ಫೋನು ಎದೆಗೆ ಒತ್ತಿಕೊಂಡು, ರಸ್ತೆಯ ಒಂದೊಂದು ಗುಂಡಿಗೂ ಮನೆಯ ಬಾಗಿಲಲ್ಲಿ ಒಂದೊಂದು ಸ್ವಾಗತ ಕೋರುತ್ತಿತ್ತು. ನಮ್ಮೂರ ರಸ್ತೆ ಹೇಗಿದೆಯೆಂದು ಬಲ್ಲವರು ಉಳಿದದ್ದನ್ನು ಊಹಿಸಬಹುದು.

ಅತ್ತ ನಡೆದದ್ದನ್ನು ಅವ್ವ ಆಮೇಲೆ ಹೇಳಿದಳು. ಅವರು ಮೊದಲು ಹಿತ್ತಾಳೆಯ ದೀಪದ ಸಮೆ ತೊಳೆದು ಕನ್ನಡಿಯಂತೆ ಮಾಡಿದರು. ಆಮೇಲೆ ಅವಳ ಕೈ ನೋಡಿದರು. "ಇವು ಬರೂದಿಲ್ಲಪಾ," ಎಂದು ಅವ್ವ ಅಂದಳಂತೆ. ಅಷ್ಟರಲ್ಲಿ ಗೋಡೆಯಿಂದ ಮಗ ಆದರದ ಸ್ವಾಗತ ಅಂದ. ಮಗನಿಗೆ ಇಷ್ಟು ಬೇಕಾದ ಮಂದಿಗೆ ಇಲ್ಲವೆನ್ನುವುದು ಹೇಗೆಂದು ಅವಳೇ ಒಳಗೆ ಹೋಗಿ ಸಾಬೂನು ತಂದಳು. ಇಷ್ಟು ವರ್ಷ ಇಳಿಯದ ಪಾಟಲಿಗಳಲ್ಲಿ ಎಡಗೈಯದು ಇಳಿಯಿತು. ಅವರು ಅದನ್ನು ಬೋಗುಣಿಯಲ್ಲಿಟ್ಟು, ಬಾಟಲಿಯಿಂದ ನೀರಿನಂಥದ್ದು ಸುರಿದರು. ಬಲಗೈಯದು ಗೆಣ್ಣಿನಲ್ಲಿ ಸಿಕ್ಕಿತು.

ಗೋಡೆಯ ಸ್ವಾಗತ ಮಾತ್ರ ನಿಲ್ಲಲಿಲ್ಲ. "ಅಮ್ಮಾ, ನಿಮ್ಮ ಮಗ ಎಲ್ಲಿದ್ದಾನ್ರಿ?" ಎಂದು ಒಬ್ಬ ಕೇಳಿದನಂತೆ.

"ಬರ್ತಾನ, ಶೀಘ್ರದಾಗ ಅನ್ನಾಕ ಹತ್ಯಾನಲ್ಲಾ. ಅಲ್ಲೀತನಾ ಆ ಬೆಲ್ಲೊಂದಿಷ್ಟು ಒರಸ್ರಿ. ಬರೇ ವಿಭೂತಿ ಮೆತ್ತ್ಯಾನ."

ಅವನು ಬಟ್ಟೆ ತೆಗೆದುಕೊಂಡು, ತನ್ನದೇ ಪುಡಿ ಹಚ್ಚಿ, ಗಾಜನ್ನು ಒರೆಸಿದ. ಕಸುಬಿನಲ್ಲಿ ಕಳ್ಳನಾದರೂ ಒರೆಸುವುದರಲ್ಲಿ ಪ್ರಾಮಾಣಿಕ. ಗಾಜು ಹೊಳೆಯಿತು. ಅದರಲ್ಲಿ ತನ್ನ ಮುಖ ಕಂಡು ಕೇಳಿದ, "ಇದೇನಮ್ಮಾ ಇದು?"

"ಕ್ಯಾಮೆರಾ. ಅಂಗಡ್ಯಾಗ ಕುಂತ ನನ್ನ ಮಗ ಎಲ್ಲಾ ನೋಡ್ತಾನ. ಈಗ ನಿನ್ನೂ ನೋಡಾಕ ಹತ್ತಿರಬೇಕು. ತಡಿ, ಇನ್ನೊಮ್ಮಿ ಮಾತಾಡ್ತಾನ."

ಇಬ್ಬರೂ ಎದ್ದರು. ಚಹಾಕ್ಕೂ ನಿಲ್ಲಲಿಲ್ಲ ಎಂದು ಅವ್ವನಿಗೆ ಇವತ್ತಿಗೂ ಬೇಸರ.

ಸರಿಯಾಗಿ ಆ ಹೊತ್ತಿಗೆ ನಾನು ಮನೆಯ ಮುಂದೆ ಬಂದು ಬೈಕು ಅಡ್ಡ ನಿಲ್ಲಿಸಿದೆ. ನಮ್ಮ ಓಣಿ ಕಿರಿದು. ಎದುರಿಗೆ ಇಬ್ಬರು, ಒಬ್ಬ ಬೈಕು ತಳ್ಳುತ್ತಿದ್ದ, ಇನ್ನೊಬ್ಬ ಚೀಲ ಹಿಡಿದಿದ್ದ. ಅವರ ಮುಖವನ್ನು ನಾನು ನೋಡಿರಲಿಲ್ಲ, ನೋಡಿದ್ದೆಲ್ಲ ವಿಭೂತಿ. "ಅಣ್ಣಾ, ಸ್ವಲ್ಪ ದಾರಿ ಬಿಡ್ರಿ, ಅರ್ಜಂಟ್ ಐತಿ," ಎಂದ ಚೀಲದವನು. ನನಗೂ ಅರ್ಜಂಟ್ ಇತ್ತು. ಬೇಗ ತೊಲಗಲಿ ಎಂದು ನನ್ನ ಬೈಕು ಎತ್ತಿ ಗೋಡೆಗೆ ಸರಿಸಿದೆ. ಗುಡ್ಡದ ರಸ್ತೆ ತುಂಬಿದೆ, ಹಿಂದಿನ ಓಣಿಯಿಂದ ಹೋದರೆ ಖಾಲಿ ಎಂದೂ ಕೈಮಾಡಿ ತೋರಿಸಿದೆ. ನಮ್ಮ ಕಡೆ ದಾರಿ ಕೇಳಿದವರಿಗೆ ಹೇಳದೆ ಬಿಡುವುದಿಲ್ಲ. ಇವರು ಕೇಳಿಯೂ ಇರಲಿಲ್ಲ.

ಅವರನ್ನು ಕಳಿಸಿ ಕಟ್ಟೆ ಹತ್ತಿದಾಗ ಅವ್ವ ಬೋಗುಣಿಯ ಮುಂದೆ ಕುಂತು, ಪಾಟಲಿ ತೆಗೆಯಲು ಕೈ ಹಾಕುವುದರಲ್ಲಿದ್ದಳು. "ಮುಟ್ಟಬ್ಯಾಡ, ಅದು ಆ್ಯಸಿಡ್," ಎಂದು ಕೂಗಿ ಅವಳ ಕೈ ಹಿಡಿದೆ. ಆ ಕ್ಷಣವನ್ನು ಈಗಲೂ ನೆನೆಯುತ್ತೇನೆ. ಆ ನೀರಿನಲ್ಲಿ ಅವಳ ಬೆರಳು ಇಳಿದಿದ್ದರೆ? ಅವರು ಎದ್ದು ಹೋಗುವ ಬದಲು ಅವಳನ್ನು ಒಳಗೆ ದೂಡಿ ಬಾಗಿಲು ಹಾಕಿಕೊಂಡಿದ್ದರೆ? ಆದರೆ ಆಗ ಇಷ್ಟೆಲ್ಲ ಯೋಚಿಸಲಿಲ್ಲ. ಆ್ಯಸಿಡ್ ಹೌದೋ ಅಲ್ಲವೋ ಎಂದು ಖಾತ್ರಿ ಮಾಡಿಕೊಳ್ಳಲು ನನ್ನ ಬೆರಳು ಅದ್ದಿದೆ.

ಹೌದು.

ನಾನು ನಳದ ಕೆಳಗೆ ಬೆರಳು ಹಿಡಿದು ಕುಣಿಯುತ್ತಿರುವಾಗ ಅವ್ವ ಇಕ್ಕಳ ತಂದು ಪಾಟಲಿಯನ್ನು ಎತ್ತಿ ನೀರಿಗೆ ಹಾಕಿದಳು. ಮೇಲಿನ ಹೂವಿನ ಕೆತ್ತನೆ ಮಾತ್ರ ಸವೆದಿದೆ, ಉಳಿದದ್ದು ಗಟ್ಟಿ ಎಂದು ಅಕ್ಕಸಾಲಿಗ ಹೇಳಿದ. ನನ್ನ ಬೆರಳಿನ ಹಳದಿ ಕಲೆಗೆ ಅವನಲ್ಲಿ ಔಷಧವಿರಲಿಲ್ಲ.

ಸಂಜೆ ಹವಾಲ್ದಾರರು ಬಂದರು. ಗಾಜು ಶುದ್ಧವಾದ ಮೇಲೆ ಯಂತ್ರ ಎಲ್ಲವನ್ನೂ ಹಿಡಿದಿತ್ತು. ಮೊದಲ ತುಣುಕು ತೋರಿಸಿದೆ.

"ಇದೇನ್ರಿ?"

"ಕಳ್ಳನ ಮೂಗ್ರಿ. ಒರಸೂ ಮುಂದ ಹತ್ತರ ಬಂದಾನ."

"ಬರೇ ಮೂಗಿನ ಮ್ಯಾಲಿಂದ ಹೆಂಗ ಹುಡಕೂದ್ರಿ? ಮುಂದಿಂದು ತೋರಸ್ರಿ."

ಮುಂದಿನದು ಓಣಿಯ ದೃಶ್ಯ. ಎಡಕ್ಕೊಂದು ಬೆನ್ನು, ಬಲಕ್ಕೊಂದು ಬೆನ್ನು. ಅವುಗಳ ನಡುವೆ ಕ್ಯಾಮೆರಾಕ್ಕೆ ಮುಖ ಮಾಡಿ ಬೈಕು ಸರಿಸಿ, ಕೈಯೆತ್ತಿ ದಾರಿ ತೋರಿಸುವ ಮೂರನೆಯವನು. ಅವನ ಮೀಸೆಯ ಒಂದೊಂದು ಕೂದಲೂ ಎಣಿಸಬಹುದಿತ್ತು.

"ಭೇಷ್. ಇಂವ ಯಾರು?" ಎಂದರು ಹವಾಲ್ದಾರರು.

"ನಾನ್ರಿ."

ಅವರು ಫೋನು ನೋಡಿದರು, ನನ್ನನ್ನು ನೋಡಿದರು, ಬರೆಯುವುದನ್ನು ನಿಲ್ಲಿಸಿ ಚಹಾ ಕುಡಿದರು.

ಆ ತುಣುಕನ್ನು ನಾನು ಈಗಲೂ ತೆಗೆದು ನೋಡುತ್ತೇನೆ. ಈ ಸಲವಾದರೂ ಬೈಕು ಸರಿಸಲಿಕ್ಕಿಲ್ಲ ಎಂದು ಕಾಯುತ್ತೇನೆ. ಸರಿಸುತ್ತೇನೆ.

ಮರುದಿನ, ಹವಾಲ್ದಾರರ ಹಿಂದೆ ನಿಂತು ನೋಡಿದ್ದ ಓಣಿಯ ಪುಣ್ಯಾತ್ಮರು ಯಾರೋ ಅದೇ ದೃಶ್ಯವನ್ನು ಫೋಟೋ ಮಾಡಿ ವಾಟ್ಸಾಪಿನಲ್ಲಿ ಹರಿಬಿಟ್ಟರು. "ಈ ಮೂವರು ಕಂಡುಬಂದಲ್ಲಿ ಕೂಡಲೇ ತಿಳಿಸಿ." ನಿಂಗಪ್ಪ ಕಾಕಾ ಫೋನು ಮಾಡಿದರು. "ಸಾವಕಾರ್ರ, ನಿಮ್ಮ ಫೋಟೋ ಕಟಕೋಳತನಾ ಬಂದೈತಿ. ಭಾಳ ಚಲೋ ಬಂದೈತಿ. ಉಳದವರಿಬ್ಬರದು ಬಂದಿಲ್ಲ."

ಕಲ್ಲವ್ವ ತನ್ನ ಫೋನು ತಂದು ಅವ್ವನ ಮುಂದೆ ಹಿಡಿದಳು. ಅವ್ವ ಕನ್ನಡಕ ಹಾಕಿಕೊಂಡು, ಮತ್ತೆ ಕೈಗೇರಿದ ಪಾಟಲಿಯನ್ನು ತಿರುವುತ್ತ, ಬಹಳ ಹೊತ್ತು ನೋಡಿದಳು. ಆಮೇಲೆ ನಡುವಿನವನ ಮೇಲೆ ಬೆರಳಿಟ್ಟಳು.

"ಆಜೂಬಾಜೂದವರು ಬರೇ ಕೇಳಿದರು, ನಾ ಬರೂದಿಲ್ಲ ಅಂದಿದ್ದೆ. ಪಾಟಲಿ ತಗಸಿದಾಂವ ಇಂವ."