ಹೆಬ್ಬೆರಳು ಮೇಲೆ, ಬೀರು ಕೆಳಗೆ

ಐವತ್ತು ಟನ್ನಿನ ಕ್ರೇನನ್ನು ಬರೀ ಬೆರಳಲ್ಲಿ ಕುಣಿಸುವ ಗಂಡಸಿಗೆ ಒಂದು ಬೀರು ಯಾವ ಲೆಕ್ಕ! ಹೀಗೆಂದು ಮುನಿಕೃಷ್ಣ ಶನಿವಾರ ಬೆಳಿಗ್ಗೆ ಕಾಫಿ ಲೋಟ ಕುಕ್ಕಿ ಘೋಷಿಸಿದ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಕ್ರೇನಿಗೆ ಸನ್ನೆ ಮಾಡುವುದು ಅವನ ಕೆಲಸ. ಅಲ್ಲಿಯ ಗದ್ದಲದಲ್ಲಿ ಮಾತು ಕೇಳಿಸದು. ಅವನು ಬೆರಳೆತ್ತಿದರೆ ಕಬ್ಬಿಣದ ಬೆಟ್ಟ ಏಳುತ್ತದೆ, ಮುಷ್ಟಿ ಹಿಡಿದರೆ ಆಕಾಶದಲ್ಲೇ ನಿಲ್ಲುತ್ತದೆ. ಇಷ್ಟು ಅಧಿಕಾರ ಮಂತ್ರಿಗಳಿಗೂ ಇಲ್ಲ ಎಂಬುದು ಅವನ ಅಭಿಪ್ರಾಯ. ಮನೆಯಲ್ಲಿ ಮಾತ್ರ ಅದು ಇನ್ನೂ ಜಾರಿಗೆ ಬಂದಿರಲಿಲ್ಲ.

ಬೀರು ಅಂದರೆ ಹೆಂಡತಿ ಯಮುನಾಳ ಹೊಸ ಬೀರು, ಆಳೆತ್ತರದ ಕನ್ನಡಿಯದು. ಮದುವೆಯಾದಂದಿನಿಂದ ಆಕೆ ಬಚ್ಚಲ ಗೂಡಿನ ಅಂಗೈಯಗಲದ ಕನ್ನಡಿಯಲ್ಲಿ ತನ್ನನ್ನು ಕಂತು ಕಂತಾಗಿ ನೋಡಿಕೊಂಡವಳು. ಮೊದಲು ಹಣೆ, ಆಮೇಲೆ ಗಲ್ಲ, ಸ್ಟೂಲು ಹತ್ತಿದರೆ ಸೆರಗು! ನಾಳೆ ಭಾನುವಾರ ತಂಗಿಯ ಮಗಳು ಕೃಪಾಳ ಮದುವೆ. ರೇಷ್ಮೆ ಸೀರೆಯುಟ್ಟ ತನ್ನನ್ನು ಒಮ್ಮೆಯಾದರೂ ಅಡಿಯಿಂದ ಮುಡಿಯವರೆಗೆ ಇಡಿಯಾಗಿ ನೋಡಿಕೊಂಡು ಹೊರಡಬೇಕು ಎಂಬುದು ಅವಳ ಆಸೆ.

ಬೀರು ಬಂತು, ಆದರೆ ಮೆಟ್ಟಿಲಲ್ಲಿ ಹಿಡಿಸಲಿಲ್ಲ. ಹಿಡಿಸುವುದಾದರೂ ಹೇಗೆ? ಚಿಕ್ಕಬಾಣಾವರದ ಹೊಲದಲ್ಲಿ ರಾಗಿ ಬೆಳೆಯುವುದನ್ನು ಬಿಟ್ಟು ಬಾಡಿಗೆದಾರರನ್ನು ಬೆಳೆಯಲು ಶುರು ಮಾಡಿದಾಗ, ಇನ್ನೊಂದು ರೂಮು ಎಬ್ಬಿಸುವ ದುರಾಸೆಯಿಂದ ಮೆಟ್ಟಿಲನ್ನು ಇಕ್ಕಟ್ಟು ಮಾಡಿಸಿದವನು ಇದೇ ಮುನಿಕೃಷ್ಣ.

"ಹಗ್ಗ ಕಟ್ಟಿ ನೇರ ನಮ್ಮ ಎರಡನೇ ಮಹಡಿ ಬಾಲ್ಕನಿಗೇ ಎತ್ತಿಸ್ತೀನಿ. ನಾನು ರೋಡಲ್ಲಿ ನಿಂತು ಸನ್ನೆ ಮಾಡ್ತೀನಿ, ಅಷ್ಟೆ!" ಎಂದ.

"ಅದೆಲ್ಲ ಗೊತ್ತಿರೋರನ್ನ ಕರೀರಿ ಅಂದ್ರೆ..."

"ಲೇ, ಮನುಷ್ಯ ಮಾತು ಕಲಿಯೋಕೆ ಮುಂಚೆ ಕೈಯಲ್ಲೇ ಮಾತಾಡ್ತಿದ್ದನಂತೆ ಕಣೇ! ಕೈ ಕುಲುಕೋದು ಯಾಕೆ ಬಂತು ಗೊತ್ತಾ? ನನ್ನ ಕೈಲಿ ಕತ್ತಿ ಇಲ್ಲ ನೋಡಪ್ಪಾ ಅಂತ ತೋರ್ಸೋಕಂತೆ."

"ಹಂಗಾದ್ರೆ ಧಾರೆ ದಿನ ನಮ್ಮಪ್ಪ ನಿಮ್ಮ ಕೈ ಸರಿಯಾಗಿ ತಡವಿ ನೋಡ್ಬೇಕಿತ್ತು. ಕತ್ತೀನೂ ಇಲ್ಲ, ಕಸುಬೂ ಇಲ್ಲ ಅಂತ ಆಗ್ಲೇ ಗೊತ್ತಾಗ್ತಿತ್ತು!"

ಸೈನ್ಯ ಸಿದ್ಧವಾಯಿತು. ತಾರಸಿಯ ಮೇಲೆ ಕಬ್ಬಿಣದ ಪೈಪಿಗೆ ಬಾವಿಯ ಹಳೇ ರಾಟೆ. ಹಗ್ಗ ಎಳೆಯಲು ಮುನಿಕೃಷ್ಣನ ಅಪ್ಪ ಚಿಕ್ಕಬೈರಪ್ಪ, ಜತೆಗೆ ಮೊದಲನೇ ಮಹಡಿಯ ಬಾಡಿಗೆ ಹುಡುಗ ಅಂಜನ್. ಇವನು ಮಾರತ್ತಹಳ್ಳಿಯ ಕಂಪನಿಗೆ ಮನೆಯಲ್ಲೇ ಕೂತು ದುಡಿಯುವವನು, ಲ್ಯಾಪ್‌ಟಾಪಿಗಿಂತ ಭಾರದ್ದನ್ನು ಎತ್ತಿ ಗೊತ್ತಿಲ್ಲ. ಎರಡನೇ ಮಹಡಿಯ ಬಾಲ್ಕನಿಯಲ್ಲಿ ಬೀರನ್ನು ಬರಮಾಡಿಕೊಳ್ಳಲು ಯಮುನಾ. ಅಷ್ಟರಲ್ಲಿ ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆಯಲು ಶುರುವಾಯಿತು. ಬೀದಿಯೇ ನಡುಗುವ ಸದ್ದು! ಮುನಿಕೃಷ್ಣನಿಗೆ ಕಾರ್ಖಾನೆಗೇ ಬಂದಷ್ಟು ಹಿತವಾಯಿತು. ಯಾವ ಸನ್ನೆಗೆ ಯಾವ ಅರ್ಥ ಎಂದು ಮೇಲಿನವರಿಗೆ ಹೇಳುವುದನ್ನು ಮಾತ್ರ ಮರೆತಿದ್ದ. ಸನ್ನೆಗೂ ಅರ್ಥ ಹೇಳಬೇಕೆ? ಅವನ ಪ್ರಕಾರ ಕೈ ಎಲ್ಲರಿಗೂ ಒಂದೇ.

ತೋರುಬೆರಳೆತ್ತಿ ಗಾಳಿಯಲ್ಲಿ ಸುತ್ತಿಸಿದ. ಕ್ರೇನಿನವರಿಗೆ ಅದು 'ನಿಧಾನಕ್ಕೆ ಎತ್ತು'. ಅಂಜನ್‌ಗೆ ಅದು 'ತಿರುಗಿಸು'. ಅವನು ಹಗ್ಗವನ್ನು ತಿರುಚಿದ್ದೇ ತಿರುಚಿದ್ದು! ಚಿಕ್ಕಬೈರಪ್ಪನಿಗೋ, ಮಗ ಬೀದಿಯಲ್ಲಿ ನಿಂತು 'ನಿಂಗೆ ತಲೆ ಕೆಟ್ಟಿದೆ' ಎನ್ನುತ್ತಿರುವ ಹಾಗೆ ಕಂಡಿತು. ಸಿಟ್ಟಿಗೆ ಹಗ್ಗ ಜಗ್ಗಿದ. ಎತ್ತು ಏರಿಗೆ, ಕೋಣ ನೀರಿಗೆ! ಬೀರು ಬುಗುರಿಯಂತೆ ಸುತ್ತುತ್ತಾ ಮೇಲೇರಿತು, ಕನ್ನಡಿಯ ಬಿಸಿಲು ಬೀದಿಯವರ ಕಣ್ಣಿಗೆಲ್ಲ ಹೊಡೆಯಿತು.

"ಕನ್ನಡಿ! ಕನ್ನಡಿ!" ಎಂದು ಯಮುನಾ ಬಾಯಿ ಬಡಿದುಕೊಂಡಳು. ಬೋರ್‌ವೆಲ್ ಅದನ್ನು ನುಂಗಿತು.

ನಿಲ್ಲಿಸಲು ಮುನಿಕೃಷ್ಣ ಮುಷ್ಟಿ ಹಿಡಿದು ತೋರಿಸಿದ. ಮುಷ್ಟಿ ಎಂದರೆ ಮೇಲಿನ ಇಬ್ಬರಿಗೂ 'ಗಟ್ಟಿಯಾಗಿ ಎಳಿ' ಎಂದೇ ಅನಿಸಿತು. ಎಳೆದರು. ಬೀರಿನ ಮೂಲೆ ಕಿಟಕಿಯ ಸಜ್ಜಕ್ಕೆ ಬಡಿದು ಒಂದು ಹಿಡಿ ಸಿಮೆಂಟು ಮುನಿಕೃಷ್ಣನ ನೆತ್ತಿಯ ಮೇಲೆ ಅಕ್ಷತೆಯಂತೆ ಬಿತ್ತು. ಏನು ಜನವಪ್ಪಾ ಇವರು! ಮುಷ್ಟಿಗೂ ಅರ್ಥ ಗೊತ್ತಿಲ್ಲವಲ್ಲ! ಅವನಿಗೆ ರಕ್ತ ಕುದಿಯಿತು.

ಆದರೂ ಬೀರು ಬಾಲ್ಕನಿಯ ಹತ್ತಿರ ಬಂದಿತ್ತು. ಇನ್ನು ಗೇಣುದ್ದ ಏರಿದರೆ ಸಾಕು. ಯಮುನಾ ಕೈ ಚಾಚಿದ್ದಳು. ಈ ಸಲ ಎಡವಟ್ಟಾಗಬಾರದೆಂದು ಮುನಿಕೃಷ್ಣ ಎರಡೂ ಕೈ ಎತ್ತಿ ಎರಡೂ ಹೆಬ್ಬೆರಳನ್ನು ಆಕಾಶಕ್ಕೆ ಚುಚ್ಚಿ ತೋರಿಸಿದ. 'ಇನ್ನೂ ಮೇಲೆ!' ಇದಕ್ಕಿಂತ ಬಿಡಿಸಿ ಹೇಳಲು ಬ್ರಹ್ಮನಿಗೂ ಆಗದು.

ತಾರಸಿಯಿಂದ ಅಂಜನ್ ಹಲ್ಲು ಬಿಟ್ಟು ಎರಡೂ ಹೆಬ್ಬೆರಳು ತೋರಿಸಿದ. ಪಕ್ಕದಲ್ಲಿ ಚಿಕ್ಕಬೈರಪ್ಪ ಎರಡೂ ಕೈಯನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದ. ಒಟ್ಟು ನಾಲ್ಕು ಕೈ. ಹಾಗಾದರೆ ಹಗ್ಗ?

ಬೀರು ಸರ್ರನೆ ಇಳಿಯಿತು! ಹಗ್ಗ ಪೈಪಿನಲ್ಲಿ ಸಿಕ್ಕಿಕೊಂಡಿತು, ಬೀರು ಒಮ್ಮೆ ತೂಗಿ ನೇರವಾಗಿ ಕೆಳಗಿನ ಅಂಜನ್‌ನ ಬಾಲ್ಕನಿಯೊಳಗೆ ನುಗ್ಗಿ ನೆಟ್ಟಗೆ ಕೂತಿತು. ಅಲ್ಲಿಗೆ ಕಂಬಿ ಹಾಕಿಸುವುದನ್ನು ಮುನಿಕೃಷ್ಣ ಇವತ್ತು ನಾಳೆ ಎಂದು ಮುಂದೂಡುತ್ತಲೇ ಬಂದಿದ್ದ. ಜಿಪುಣತನ ಮೊದಲ ಬಾರಿಗೆ ಪುಣ್ಯ ಕಟ್ಟಿಕೊಂಡಿತು.

ಬೋರ್‌ವೆಲ್ ನಿಂತ ಮೇಲೆ ಅಂಜನ್‌ನ ಮನೆಯಲ್ಲೇ ವಿಚಾರಣೆ ನಡೆಯಿತು.

"ಹಗ್ಗ ಯಾಕೋ ಬಿಟ್ಟೆ?"

"ನೀವು ಥಂಬ್ಸಪ್ ಕೊಟ್ರಲ್ಲ ಅಂಕಲ್! ಸಕ್ಕತ್ತಾಗಿದೆ, ಕೆಲಸ ಮುಗೀತು ಅಂದ್ಕೊಂಡೆ. ವಾಪಸ್ ಕೊಡ್ದೇ ಇದ್ರೆ ಚೆನ್ನಾಗಿರಲ್ಲ ಅಲ್ವಾ?"

"ಒಂದು ಕೈಲಾದ್ರೂ ಹಿಡ್ಕೋಬಾರ್ದಿತ್ತೇನೋ!"

"ನೀವು ಎರಡು ಕೊಟ್ರಿ. ನಾನು ಒಂದೇ ಹೆಂಗೆ ಕೊಡ್ಲಿ?"

ಮುನಿಕೃಷ್ಣ ಹಣೆ ಚಚ್ಚಿಕೊಂಡು ಅಪ್ಪನ ಕಡೆ ತಿರುಗಿದ. "ಇವನು ಸರಿ. ನೀನ್ಯಾಕಪ್ಪಾ ಬಿಟ್ಟೆ?"

ಚಿಕ್ಕಬೈರಪ್ಪ ಗೋಡೆ ನೋಡುತ್ತಾ ಹೇಳಿದ. "ಬೀದಿ ಜನದ ಮುಂದೆ ನಂಗೇ ಎಬ್ಬೆಟ್ಟು ತೋರುಸ್ತೀಯೇನ್ಲಾ? ಅದೂ ಎಲ್ಡು! ಊ ಕಣ್ಲಾ, ನಾನು ಎಬ್ಬೆಟ್ಟೇ. ಆ ಎಬ್ಬೆಟ್ಟು ಒತ್ತೇ ಈ ಜಾಗ ನಿನ್ನ ಎಸ್ರಿಗೆ ಮಾಡಿದ್ದು. ಇಂಗೆ ಅಂಗುಸ್ಬಾರ್ದು."

ಮುನಿಕೃಷ್ಣನಿಗೆ ನಿಜವಾಗಿಯೂ ನಾಚಿಕೆಯಾಯಿತು. "ಅಂಗಲ್ಲಪ್ಪಾ, ಮೇಲೆ ಎತ್ತು ಅಂತ..." ಎಂದು ವಿವರಿಸಲು ಹೆಬ್ಬೆರಳು ಎತ್ತಹೋಗಿ ಸರಕ್ಕನೆ ಮಡಚಿಕೊಂಡ.

ಯಮುನಾ ಕನ್ನಡಿಯನ್ನು ಇಂಚಿಂಚೂ ಸವರಿ ನೋಡಿದಳು. ಒಂದು ಗೀರೂ ಇರಲಿಲ್ಲ.

"ಈ ಇಬ್ಬರಿಗೂ ಸನ್ನೆ ಬರಲ್ಲ ಕಣೇ. ಸರಿಯಾಗಿ ಹೇಳ್ಕೊಟ್ಟು ಮತ್ತೆ ಎತ್ತಿಸ್ತೀನಿ!"

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ! ಬೀರು ಮುಟ್ಟಿದ್ರೆ ನೋಡಿ. ಮದುವೆ ಮುಗೀಲಿ, ಅಂಜನ್ ಮೇಲಿನ ಮನೆಗೆ ಹೋಗ್ಲಿ, ನಾವೇ ಕೆಳಕ್ಕೆ ಬರೋಣ. ಅಲ್ಲೀವರೆಗೂ ನೀವು ಕೈ ಎತ್ತಂಗಿಲ್ಲ!"

"ಊಟಕ್ಕೆ?"

"ಬಾಯಿವರೆಗೆ ಎತ್ತಬಹುದು."

ಭಾನುವಾರ ಬೆಳಿಗ್ಗೆ ಅಂಜನ್ ಬಾಯಲ್ಲಿ ಬ್ರಷ್ಷು ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದ. ಅವನ ಮನೆಯೊಳಗೆ ಯಮುನಾ ನೇರಳೆ ರೇಷ್ಮೆಯುಟ್ಟು ಕನ್ನಡಿಯ ಮುಂದೆ ನಿಂತಿದ್ದಳು. ನೆರಿಗೆ, ಸೊಂಟ, ಸೆರಗು, ಮುಡಿಯ ಮಲ್ಲಿಗೆ, ಎಲ್ಲವೂ ಒಟ್ಟಿಗೇ ಕಾಣುತ್ತಿದ್ದವು. ಆ ಕಡೆ ಈ ಕಡೆ ತಿರುಗಿ ನೋಡಿಕೊಂಡಳು. ಮುಖ ಅರಳಿತು. ಬಾಗಿಲಲ್ಲಿ ಮುನಿಕೃಷ್ಣ ಆಜ್ಞೆಯ ಪ್ರಕಾರ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಿದ್ದ.

"ಹೆಂಗಿದೀನಿ?" ಎಂದಳು.

ಈ ಪ್ರಶ್ನೆಗೆ ಅವನು ಇಷ್ಟು ವರ್ಷವೂ ಬೆರಳನ್ನು ಉಂಗುರ ಮಾಡಿ ತೋರಿಸಿ ಪೇಪರು ಓದುತ್ತಿದ್ದವನು. ಈಗಲೂ ಬಲಗೈ ತಾನಾಗಿ ಮುಂದೆ ಬಂತು. ಕನ್ನಡಿಯೊಳಗಿಂದ ಯಮುನಾ ಅದನ್ನು ದುರುಗುಟ್ಟಿ ನೋಡಿದಳು. ಕೈ ಹಿಂದಕ್ಕೆ ಹೋಯಿತು. ಬೇರೆ ದಾರಿಯೇ ಇರಲಿಲ್ಲ. ಗಂಟಲು ಸರಿ ಮಾಡಿಕೊಂಡ.

"ಚೆನ್ನಾಗಿ ಕಾಣ್ತೀಯ. ತುಂಬಾನೇ ಚೆನ್ನಾಗಿ ಕಾಣ್ತೀಯ."

ಯಮುನಾ ತಿರುಗಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಈ ಮಾತು ನಿಮ್ಮ ಬಾಯಿಂದ ಬೀಳೋಕೆ ಒಂದು ಬೀರು ಬೀಳ್ಬೇಕಾಯ್ತಲ್ರೀ!"