ಗವಸು ಹಾಕಿದ ಮುದ್ದೆ ಮಷೀನು

ಇನ್ನೊಬ್ಬರ ಹಾಗೆ ಮಾತಾಡಿ ತೋರಿಸಬೇಕಾದರೆ ಅವರ ಪೂರ್ತಿ ಜಾತಕ ಗೊತ್ತಿರಬೇಕು ಅಂತ ಜನ ತಿಳಿದಿದ್ದಾರೆ. ಅದೇನೂ ಬೇಡ. ಒಂದು ಕೆಮ್ಮು, ಒಂದು 'ಆಯ್ತಲ್ಲಪ್ಪ' ಸಿಕ್ಕಿದರೆ ಸಾಕು, ಮಿಕ್ಕಿದ್ದನ್ನು ನಾನು ಊಹಿಸಿಕೊಂಡು ತುಂಬಿಬಿಡುತ್ತೇನೆ. ನಾನು ಮದುವೆಮನೆಗೆ ಕಾಲಿಟ್ಟರೆ ದೊಡ್ಡವರೆಲ್ಲ ಮಾತು ನಿಲ್ಲಿಸಿ ಬರೀ ತಲೆ ಆಡಿಸುತ್ತಾರೆ. ಊಟದ ಹೊತ್ತಿಗೆ ಆ ತಲೆ ಆಡಿಸುವುದನ್ನೂ ಕಲಿತಿರುತ್ತೇನೆ. ಹೀಗಾಗಿ ಮಷೀನ್ ಲರ್ನಿಂಗ್ ಅಂದರೇನು ಅಂತ ಯಾರಾದರೂ ಕೇಳಿದರೆ ನನಗೆ ಕಷ್ಟವಿಲ್ಲ. ಅದೂ ಮಿಮಿಕ್ರಿಯೇ. ಹಳೆಯವರನ್ನು ನೋಡಿ ಹೊಸಬ ಹೇಗೆ ಕೆಮ್ಮುತ್ತಾನೆ ಅಂತ ಹೇಳುವುದು. ಆದರೆ ನನ್ನ ಹಾಗೆ ಕಂಪ್ಯೂಟರಿನ ಬೆನ್ನಿಗೆ ಯಾರೂ ಗುದ್ದುವುದಿಲ್ಲ.

ಚಿಕ್ಕಬಳ್ಳಾಪುರದ ಹೊರಗಿನ ಒಂದು ಸಣ್ಣ ಕಾರ್ಖಾನೆಯಲ್ಲಿ ನನ್ನ ಕೆಲಸ. ಅಡಿಗೆಮನೆಯ ಯಂತ್ರಗಳನ್ನು ಮಾಡುತ್ತೇವೆ. ಯಜಮಾನರು ವೆಂಕಟೇಶ್ ಸರ್. ಎಲ್ಲದಕ್ಕೂ ಮೊದಲು "ಟೋಟಲ್ಲಾಗಿ ಹೇಳ್ಬೇಕಂದ್ರೆ" ಅಂದು, ಆಮೇಲೆ ಸಂಜೆಯವರೆಗೆ ಚೂರುಚೂರಾಗಿ ಹೇಳುವವರು. ಅವರ ಕನಸು, ಮುದ್ದೆ ತಿರುವುವ ಮಷೀನು. ಅದಿನ್ನೂ ಕಾಗದದ ಮೇಲೆ ನಾಲ್ಕು ಗೆರೆಯಾಗಿದ್ದಾಗಲೇ ಬೆಂಗಳೂರಿನ ದೊಡ್ಡ ಅಂಗಡಿಯವರು, ಇದರಿಂದ ಪರಿಸರಕ್ಕೆ ಎಷ್ಟು ಪೆಟ್ಟು ಬೀಳುತ್ತದೆ ಹೇಳಿ, ಆಮೇಲೆ ಮಾತು ಅಂದರು. ಎಷ್ಟು ಕಬ್ಬಿಣ, ಎಷ್ಟು ಪ್ಲಾಸ್ಟಿಕ್ಕು, ಜೀವಮಾನದಲ್ಲಿ ಎಷ್ಟು ಕರೆಂಟು. ಇನ್ನೂ ಹುಟ್ಟದ ಕೂಸಿನ ಪಾಪದ ಲೆಕ್ಕ. ಬಳಕೆಯಲ್ಲಿರುವ ಯಂತ್ರಗಳನ್ನು ನೋಡಿ ಅದನ್ನು ಅಂದಾಜು ಮಾಡುವ ಪ್ರೋಗ್ರಾಂ ಬರೆಯುವ ಹೊಣೆ ನನ್ನ ಮೇಲೆ ಬಿತ್ತು. "ಇದು ಗೆದ್ರೆ ನೀನು ಪರ್ಮನೆಂಟ್ ಕಣಪ್ಪ" ಅಂದರು ಸರ್. ಅವರು ನಿಜವಾಗಿ ಟೋಟಲ್ಲಾಗಿ ಹೇಳಿದ್ದು ಅದೊಂದೇ ಮಾತು.

ಕಬ್ಬಿಣ, ಪ್ಲಾಸ್ಟಿಕ್ಕಿನ ವಿವರ ಸಿಕ್ಕಿತು. ಆದರೆ ಮನೆಯಲ್ಲಿ ಯಂತ್ರ ಎಷ್ಟು ಓಡುತ್ತದೆ? ಹೊರದೇಶದ ಲೆಕ್ಕ ನಮ್ಮ ಅಡಿಗೆಮನೆಗೆ ಒಗ್ಗುವುದಿಲ್ಲ ಅಂತ ನೆಂಟರಿಗೇ ಫೋನ್ ಮಾಡಿದೆ. ಮೊದಲು ಚಿಂತಾಮಣಿಯ ದೊಡ್ಡಮ್ಮ.

"ಮಿಕ್ಸಿ ದಿನಕ್ಕೆ ಎಷ್ಟು ಸಲ ಹಾಕ್ತೀಯ ದೊಡ್ಡಮ್ಮ?"

"ಅದನ್ಯಾಕೆ ಮುಟ್ಟಣ ನಾಯನಾ, ಹೊಸದು."

ಹಿಂದೆ ಗರ್ರ್ ಅಂತ ಸದ್ದು, ಅದರ ಮೇಲೆ ಕೂಗಿ ಮಾತಾಡುತ್ತಿದ್ದಾಳೆ. ಮತ್ತೆ ಅದೇನು ಅಂದೆ. ಅದು ಹಳೇದು, ಲೆಕ್ಕಕ್ಕಿಲ್ಲ ಅಂದಳು. ಹೊಸದಕ್ಕೆ ಗವಸು ಹೊಲಿಸಿ ಶೋಕೇಸಿನಲ್ಲಿಟ್ಟಿದ್ದಾಳಂತೆ, ನೆಂಟರು ಬಂದಾಗ ತೆಗೆಯೋದಕ್ಕೆ. ನೆಂಟರು ಬಂದರೆ ಕಾಫಿ ಕೊಡುತ್ತಾಳೆ. ಕಾಫಿಗೆ ಮಿಕ್ಸಿ ಬೇಡ. ಗೌರಿಬಿದನೂರಿನ ಅತ್ತೆ, ಶಿಡ್ಲಘಟ್ಟದ ಸೋದರಮಾವ, ಎಲ್ಲರ ಮನೆಯಲ್ಲೂ ಇದೇ ಪದ್ಧತಿ. ನಾನು ಒಳ್ಳೆಯ ಹುಡುಗ, ಅವರು ಹೇಳಿದ್ದನ್ನು ಹೇಳಿದ ಹಾಗೇ ಕಂಪ್ಯೂಟರಿಗೆ ತಿನ್ನಿಸಿದೆ. ಅದೂ ಒಳ್ಳೆಯ ಹುಡುಗನೇ, ಕಲಿತುಕೊಂಡಿತು: ಈ ಸೀಮೆಯಲ್ಲಿ ಯಂತ್ರ ಇರುವುದು ಇಡುವುದಕ್ಕೆ.

ಫಲಿತಾಂಶ ಬಂತು. ಇಂಥ ಸಾಧು ಯಂತ್ರ ಇನ್ನೊಂದಿಲ್ಲ ಅಂತ. ಸರ್ ಆಫೀಸಿಗೆಲ್ಲ ಮೈಸೂರುಪಾಕು ಹಂಚಿದರು, ನನಗೆ ಎರಡು.

ಅಂಗಡಿಯವರ ಕಡೆಯಿಂದ ಬಂದ ಮೇಡಂ ಕನ್ನಡಕ ಏರಿಸಿ, ಕರೆಂಟಿನ ಜಾಗದಲ್ಲಿ ಹೆಚ್ಚುಕಮ್ಮಿ ಸೊನ್ನೆ ಇದೆಯಲ್ಲ, ಇದು ಸೋಲಾರಾ ಅಂತ ಕೇಳಿದರು. ಸರ್ "ಟೋಟಲ್ಲಾಗಿ ಹೇಳ್ಬೇಕಂದ್ರೆ" ಅಂದು ನನ್ನ ಮುಖ ನೋಡಿದರು. ತಲೆ ಖಾಲಿಯಾದಾಗ ನನ್ನ ಬಾಯಿ ಬೇರೆಯವರದಾಗುತ್ತದೆ. "ಅದನ್ಯಾಕೆ ಮುಟ್ಟಣ ನಾಯನಾ, ಹೊಸದು" ಅಂತ ದೊಡ್ಡಮ್ಮ ಆ ಏಸಿ ರೂಮಿನಲ್ಲಿ ನುಡಿದಳು.

ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರ ಅತ್ತೆ ಮನೆಯಲ್ಲೂ ಗ್ರೈಂಡರಿಗೆ ಗವಸಿದೆಯಂತೆ, ಜರಿ ಅಂಚಿನದು. ನಾನು ಮನಸ್ಸಿನಲ್ಲೇ ಪರ್ಮನೆಂಟ್ ಆಗುತ್ತಿದ್ದಾಗ ಅವರ ನಗು ನಿಂತಿತು.

"ಅಂದ್ರೆ ಇದರಿಂದ ಪರಿಸರಕ್ಕೆ ತೊಂದರೆ ಇಲ್ಲ, ಯಾಕಂದ್ರೆ ಇದನ್ನ ಯಾರೂ ಬಳಸಲ್ಲ. ಹೀಗಂತ ಡಬ್ಬದ ಮೇಲೆ ಪ್ರಿಂಟ್ ಹಾಕಿಸ್ಲಾ?"

ಸರ್ ಬೈಯಲಿಲ್ಲ. ವರ್ಕ್‌ಶಾಪಿನಲ್ಲಿ ಮೊದಲ ಸ್ಯಾಂಪಲ್ ಜೋಡಿಸಿದ ದಿನ ಅದನ್ನು ನನ್ನ ಕೈಗಿಟ್ಟು, ಮನೆಯಲ್ಲಿ ದಿನಾ ಓಡಿಸು, ಕರೆಂಟ್ ಎಷ್ಟು ತಿನ್ನುತ್ತೆ ನೋಡು, ನಿಜವಾದ ಲೆಕ್ಕ ಬಂದಮೇಲೇ ನಿನ್ನ ಪರ್ಮನೆಂಟ್ ವಿಷಯ ಅಂದರು.

ಅಮ್ಮ ಮಷೀನಿಗೆ ಅರಿಶಿನ ಕುಂಕುಮ ಹಚ್ಚಿದಳು. ಮಾರನೇ ದಿನ ನಾನು ಕೆಲಸದಿಂದ ಬರುವಷ್ಟರಲ್ಲಿ ಅದು ಫ್ರಿಜ್ಜಿನ ಮೇಲೆ ಕೂತಿತ್ತು, ನನ್ನ ಹಳೇ ಚೌಕಳಿ ಷರ್ಟಿನ ಗವಸು ತೊಟ್ಟುಕೊಂಡು. ಒಲೆಯ ಮುಂದೆ ಅಮ್ಮ ಕೋಲು ಹಿಡಿದು ಮುದ್ದೆ ತಿರುವುತ್ತಿದ್ದಳು. ಅದು ಓಡದೆ ನನ್ನ ಕೆಲಸ ಪರ್ಮನೆಂಟ್ ಆಗಲ್ಲಮ್ಮ ಅಂತ ಸರ್ ದನಿಯಲ್ಲಿ, ದೊಡ್ಡಮ್ಮನ ದನಿಯಲ್ಲಿ, ಕೊನೆಗೆ ಗತಿಯಿಲ್ಲದೆ ನನ್ನ ದನಿಯಲ್ಲೇ ಬೇಡಿಕೊಂಡೆ.

"ಇರ್ಲಿ ಕಣೋ" ಅಂದಳು ಅಮ್ಮ. "ನೀನು ಪರ್ಮನೆಂಟ್ ಆದ್ಮೇಲೆ ತೆಗೆಯಣ."

ಅಲ್ಲಿಗೆ ನನ್ನ ಪ್ರೋಗ್ರಾಂ ಹೇಳಿದ್ದೇ ಸರಿಯಾಯಿತು. ಬಾಗಿಲಿನಿಂದ ನೋಡಿದರೆ ಆ ಷರ್ಟಿನಲ್ಲಿ ಫ್ರಿಜ್ಜಿನ ಮೇಲೆ ನಾನೇ ಕೂತ ಹಾಗಿದೆ. ಹೊಸಬ, ಇನ್ನೂ ಯಾರೂ ಬಳಸಿಲ್ಲ, ಪರಿಸರಕ್ಕೆ ಯಾವ ತೊಂದರೆಯೂ ಇಲ್ಲ.